ಕಲ್ಲಿನ ಲಗಮಪ್ಪನ ಅರ್ಧ ಒಡಪು

ಹಿಂದೆ, ಅಂದರೆ ನಮ್ಮಜ್ಜನ ಅಜ್ಜನಿಗೂ ಇನ್ನೂ ಹಲ್ಲು ಮೂಡದ ಕಾಲದಲ್ಲಿ, ಒಂದೂರಲ್ಲಿ ಲಗಮಪ್ಪ ಅಂತ ಒಬ್ಬನಿದ್ದನಂತೆ. ಸವೆದು ನುಣುಪಾದ ಬೀಸುಕಲ್ಲಿಗೆ ಉಳಿಪೆಟ್ಟು ಹಾಕಿ ಒರಟು ಮಾಡಿಕೊಡುವುದು ಅವನ ಕಸುಬು. ಅವನು ಕಟೆದ ಕಲ್ಲಿನ ಮುಂದೆ ಜೋಳದ ಕಾಳು ತಾವಾಗಿ ಸಾಲು ಹಚ್ಚಿ ನಿಲ್ಲುತ್ತಿದ್ದವು ಅಂತಾರೆ. ನಂಬದವರು ಎದ್ದು ಹೋಗಬಹುದು. ಇಲ್ಲಿಯವರೆಗೆ ಯಾರೂ ಹೋಗಿಲ್ಲ.

ಹಿಟ್ಟು ಬರುತ್ತಿಲ್ಲವೆಂದು ಹೆಂಗಸರು ಗೋಳಾಡಿದರೆ ಅವನದು ಒಂದೇ ಮಾತು: "ಕಲ್ಲು ಕೆಟ್ಟಿಲ್ಲ ತಂಗಿ, ನುಣುಪಾಗೇತಿ. ಎರಡು ಪೆಟ್ಟು ಬಿದ್ರ ಹಿಟ್ಟು ಬರ್ತೈತಿ."

ಬೇರೆ ಗಂಡಸರು ಹೆಂಡತಿಯನ್ನು "ಏ, ಇಕಿನ" ಅಂತ ಕರೆದರೆ, ಲಗಮಪ್ಪ ಸಂಜೆ ಹೊಸ್ತಿಲ ಮುಂದೆ ನಿಂತು "ಸೋನವ್ವಾ!" ಅಂತ ಕೂಗುತ್ತಿದ್ದನಂತೆ. ಓಣಿಯ ಗಂಡಸರಿಗೆ ನಾಚಿಕೆ, ಹೆಂಗಸರಿಗೆ ಹೊಟ್ಟೆಕಿಚ್ಚು. ಸೋನವ್ವ ಮೊದಲ ಕೂಗಿಗೆ ಓಗೊಡುತ್ತಲೇ ಇರಲಿಲ್ಲ. ಇನ್ನೊಮ್ಮೆ ಕೇಳುವ ಆಸೆ.

ಲಗಮಪ್ಪನಿಗೆ ವಯಸ್ಸಾಯಿತು. ಕಂಪವಾತ ಬಂತು. ಉಳಿ ಹಿಡಿದರೆ ಕೈ ಗಪ್ಪನೆ ನಿಲ್ಲುತ್ತಿತ್ತು, ಸುಮ್ಮನಿಟ್ಟರೆ ಗಡಗಡ. ಆ ಕೈಗೆ ಜರಡಿ ಕೊಟ್ಟರೆ ಮೂರೂರಿನ ಹಿಟ್ಟು ಸಾಣಿಸುತ್ತಿತ್ತು ಅಂತಾರೆ. ಮೂರೋ ಏಳೋ, ಇರಲಿ. ಕೈ ನಡುಗಿದ್ದಕ್ಕೆ ಸೋನವ್ವ ಅಂಜಲಿಲ್ಲ. ಮಾತು ಬಾಯಿಗೆ ಬರಲು ತಡವಾಗತೊಡಗಿತು ನೋಡಿ, ಆಗ ಅಂಜಿದಳು. ಎಲ್ಲಾ ಹೋಗಲಿ, ನನ್ನ ಹೆಸರೊಂದು ಉಳಿಯಲಿ ಅಂತ ದೇವರಿಗೆ ಕೈಮುಗಿದಳು.

ಒಂದು ಸಂಜೆ ಅವನು ಹೊಸ್ತಿಲ ಮುಂದೆ ಬಂದು ನಿಂತ. ಕಾಲು ನೆಲಕ್ಕೆ ಅಂಟಿದಂತಾಯಿತು, ಏಳಲಿಲ್ಲ. ಕೂಗಲು ಬಾಯಿ ತೆರೆದ, ಹೆಸರು ಬರಲಿಲ್ಲ. ಒಳಗೆ ಸೋನವ್ವ ಕಾದೇ ಕಾದಳು.

ಎದುರುಮನೆಯ ಚಂದ್ರವ್ವ ಕಟ್ಟೆಯ ಮೇಲಿಂದಲೇ ಕೂಗಿದಳು: "ಸೋನವ್ವಾ, ನಿನ್ನ ಹೆಸರೂ ನುಂಗಿ ನೀರು ಕುಡದಾನ ನೋಡವಾ ನಿನ್ನ ಗಂಡ!"

"ಮರ್ತಿಲ್ಲ," ಅಂದನಂತೆ ಲಗಮಪ್ಪ, ಕಣ್ಣು ತುಂಬಿಕೊಂಡು. "ಒಳಗೈತಿ. ಬರವಲ್ದು."

ಸೋನವ್ವನಿಗೆ ಗಂಡನದೇ ಮಾತು ನೆನಪಾಯಿತು. ಕಲ್ಲು ಕೆಟ್ಟಿಲ್ಲ. ಎದ್ದು ಬಂದು, ಬಾಗಿಲಿಗೆ ಅಡ್ಡ ಕೈಚಾಚಿ ನಿಂತಳು. ಮದುವೆಯ ದಿನ ಅವನ ತಂಗಿ ಹಾಗೇ ಅಡ್ಡಗಟ್ಟಿದ್ದಳು. ಹೆಂಡತಿಯ ಹೆಸರು ಕೂಡಿಸಿ ಪ್ರಾಸದ ಒಡಪು ಕಟ್ಟಿ ಹೇಳಿದ ಮೇಲೇ ಒಳಗೆ ಬಿಟ್ಟಿದ್ದಳು.

"ಹೆಸರು ಹೇಳ್ರಿ, ಒಳಗ ಬಿಡ್ತೀನಿ," ಅಂದಳು ಸೋನವ್ವ. ಚೌಕಟ್ಟಿಗೆ ಬೆರಳಿಂದ ಎರಡು ಪೆಟ್ಟು ಹಾಕಿ, ಅವನು ಅಂದು ಹೇಳಿದ್ದ ಒಡಪನ್ನು ಅರ್ಧ ಹೇಳಿ ನಿಲ್ಲಿಸಿದಳು: "ಕೆಳಗ ಕುಂತ ಕಲ್ಲು ನಾನವ್ವ…"

ಅವನ ತುಟಿ ಅಲುಗಿತು. "ಮ್ಯಾಲ… ಮ್ಯಾಲ ತಿರುಗೋ ಕಲ್ಲು… ಸೋನವ್ವ!"

ಹೆಸರಿನ ಜೊತೆಗೇ ಕಾಲೂ ಎದ್ದಿತು, ಹೊಸ್ತಿಲು ದಾಟಿತು. ಓಣಿಯ ಬೀಸುಕಲ್ಲೆಲ್ಲ ಆಗ ತಾವಾಗಿಯೇ ಒಂದು ಸುತ್ತು ತಿರುಗಿದವು ಅಂತಾರೆ. ಸೋನವ್ವ ಮಾತ್ರ, "ಕೇಳಿಸ್ಲಿಲ್ಲ, ಇನ್ನೊಮ್ಮೆ ಹೇಳ್ರಿ," ಅಂದಳಂತೆ.

ಅಂದಿನಿಂದ ದಿನಾ ಸಂಜೆ ಹೀಗೇ. ಕೊನೆಕೊನೆಗೆ ಅರ್ಧ ಕೊಟ್ಟರೂ ಉಳಿದರ್ಧ ಬರುತ್ತಿರಲಿಲ್ಲ. ಆಗ ಅವಳು, "ಇರ್ಲಿ, ನಾಳಿ ಹೇಳೀರಂತ," ಅಂತ ಆ ನಡುಗುವ ಕೈಹಿಡಿದು ದಾಟಿಸುತ್ತಿದ್ದಳು.

ಆ ಊರಲ್ಲಿ ಈಗಲೂ ಮದುಮಕ್ಕಳನ್ನು ಅಡ್ಡಗಟ್ಟಿದವರೇ ಚೌಕಟ್ಟಿಗೆ ಎರಡು ಪೆಟ್ಟು ಹಾಕಿ ಅರ್ಧ ಒಡಪು ಹೇಳಿಕೊಡುತ್ತಾರೆ. ವಯಸ್ಸಾದವರಿಗೆ ಮಾತು ತಡವಾದರೆ "ನಾನ್ಯಾರು ಹೇಳು" ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ. ಅರ್ಧ ತಾವು ಹೇಳುತ್ತಾರೆ. ಉಳಿದರ್ಧಕ್ಕೆ, ರೊಟ್ಟಿ ಆರಿದರೂ ಸರಿ, ಕಾಯುತ್ತಾರೆ.