ಡಬ್ಬಿಯಲ್ಲಿ ನೆನೆದ ಉದ್ದಿನಬೇಳೆ

"ಗುರುಗಳೇ, ಜೀವಮಾನವಿಡೀ ಕಟ್ಟಿದ್ದನ್ನು ಪರರಿಗೆ ಒಪ್ಪಿಸಿ ಎದ್ದುಬಂದವನಿಗೆ ಏನು ಉಳಿಯುತ್ತದೆ?" ಎಂದು ಶಿಷ್ಯ ಕೇಳಿದ. ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ. ಕರೆಂಟಿನ ಸಾಮಾನಿನ ಸಣ್ಣ ಅಂಗಡಿ ಅವನದು. ಮಿಕ್ಸಿ ಆಗಿನ್ನೂ ಊರಿಗೆ ಹೊಸದು. ಹೆಂಗಸರು ಬರುತ್ತಿದ್ದರು, ಮುಟ್ಟಿ ನೋಡುತ್ತಿದ್ದರು, ನಂಬದೆ ಹೋಗುತ್ತಿದ್ದರು. ಒರಳುಕಲ್ಲಿನ ಕೆಲಸವನ್ನು ಇಷ್ಟು ಚಿಕ್ಕ ಯಂತ್ರ ಮಾಡೀತೇ? ವ್ಯಾಪಾರಿ ಹೇಳಿದ: "ನನ್ನ ಮಾತು ನಂಬಬೇಡಿ ತಾಯೀ. ಮನೆಯಿಂದ ಉದ್ದಿನಬೇಳೆ ನೆನೆಸ್ಕೊಂಡು ಬನ್ನಿ, ನಿಮ್ಮೆದುರೇ ರುಬ್ಬಿ ತೋರಿಸ್ತೀನಿ. ಮನಸ್ಸಿಗೆ ಬಂದ್ರೆ ಮಿಕ್ಸಿ ತಗೊಂಡು ಹೋಗಿ, ಇಲ್ಲಾಂದ್ರೆ ಬರೀ ಹಿಟ್ಟು ತಗೊಂಡು ಹೋಗಿ."

ಇದು ಅಂಗಡಿಯೋ ಅಡುಗೆಮನೆಯೋ ಎಂದು ಪಕ್ಕದವರು ಮೂಗು ಮುರಿದರು. ಅನ್ನುವವರು ಅನ್ನಲಿ, ಹೆಂಗಸರು ಡಬ್ಬಿ ಹಿಡಿದು ಬಂದರು. ಒಂದಂಗಡಿ ಎರಡಾಯಿತು. ತಮ್ಮಂದಿರು ಸೇರಿದರು, ಮಕ್ಕಳು ಸೇರಿದರು, ಸೊಸೆಯಂದಿರು ಗಲ್ಲಾಪೆಟ್ಟಿಗೆಗೆ ಕೂತರು. ನೋಡನೋಡುತ್ತ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಅವನ ಹೆಸರಿನ ಬೋರ್ಡು ಏರಿತು. ಪ್ರತಿ ಅಂಗಡಿಯಲ್ಲೂ ರುಬ್ಬಿದ ಮಿಕ್ಸಿಯ ಜಾರು ತೊಳೆಯಲು ಒಂದು ನಲ್ಲಿ ಇರುತ್ತಿತ್ತು.

ಮನೆ ದೊಡ್ಡದಾದಂತೆ ಮಕ್ಕಳ ಮನಸ್ಸು ದಿಕ್ಕಿಗೊಂದಾಯಿತು. ದೂರದ ದೊಡ್ಡ ಕಂಪನಿಯೊಂದು ಬಂದು ಕೇಳಿದಾಗ ವ್ಯಾಪಾರಿ ಎಲ್ಲವನ್ನೂ ಮಾರಿದ. ಅಂಗಡಿ, ಸರಕು, ಕೊನೆಗೆ ಹೆಸರನ್ನೂ. ಕೊಂಡವರು ಬೋರ್ಡು ಇಳಿಸಿದರು, ನಲ್ಲಿ ಕಿತ್ತರು. ವ್ಯಾಪಾರಿಗೆ ಅನ್ನ ಸೇರದಾಯಿತು. ಹೆಸರೇ ಹೋದಮೇಲೆ ತಾನು ಬಾಳಿದ್ದಕ್ಕೆ ಗುರುತೇನು ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ದಿನ ತಡೆಯಲಾರದೆ ತಾನೇ ಕಟ್ಟಿದ ಅಂಗಡಿಗೆ ಗಿರಾಕಿಯಂತೆ ಹೋದ. ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಆಗಷ್ಟೇ ಸಂಸಾರ ಹೂಡಿದ ಹೆಣ್ಣುಮಗಳೊಬ್ಬಳು ಬಂದು ಚೀಲದಿಂದ ಡಬ್ಬಿ ತೆಗೆದಳು.

"ಇದನ್ನ ರುಬ್ಬಿ ತೋರ್ಸಿ."

ಹೊಸ ಮ್ಯಾನೇಜರು ಕಣ್ಣುಕಣ್ಣು ಬಿಟ್ಟ. "ಹಾಗೆಲ್ಲ ಮಾಡಲ್ಲಮ್ಮ. ಯಾರು ಹೇಳಿದ್ರು ನಿಮ್ಗೆ?"

"ಯಾರ್ಯಾಕೆ ಹೇಳ್ಬೇಕು? ಮಿಕ್ಸಿ ತಗೊಳ್ಳೋದು ಅಂದ್ರೆ ಹಿಂಗೇ ಅಲ್ವಾ? ನಮ್ಮಜ್ಜಿನೂ ಹಿಂಗೇ ತಗೊಂಡಿದ್ದು."

ಅವಳ ಹಿಂದೆ ನಿಂತಿದ್ದವರ ಕೈಯಲ್ಲೂ ಡಬ್ಬಿಗಳಿದ್ದವು. ಮ್ಯಾನೇಜರು ವಿಧಿಯಿಲ್ಲದೆ ಜಾರು ಕೂರಿಸಿದ. ಬೇಳೆ ನುಣ್ಣಗಾಗುತ್ತ ಬಂತು.

ವ್ಯಾಪಾರಿ ಹತ್ತಿರ ಹೋಗಿ ನೋಡಿದ. ಎಂದೋ ತಾನಾಡಿದ ಮಾತು ಈಗ ತನ್ನ ಹೆಸರಿಲ್ಲದೆ, ತನ್ನ ಹಂಗಿಲ್ಲದೆ, ಊರಿನ ನಡವಳಿಕೆಯಾಗಿ ನಿಂತಿದೆ. ಅಂಗಡಿಗಳನ್ನೆಲ್ಲ ಕಟ್ಟಿದ ದಿನಗಳಲ್ಲೂ ಅವನು ಇಷ್ಟು ಬೆರಗಾಗಿರಲಿಲ್ಲ. ಕಣ್ಣು ತುಂಬಿ ಬಂತು. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಆ ಹೆಣ್ಣುಮಗಳಿಗೆ ಕೈಮುಗಿದು ಹೊರಗೆ ನಡೆದ.

ಶಿಷ್ಯನಿಗೆ ತಾಳ್ಮೆ ಸಾಲಲಿಲ್ಲ. "ಅದು ನನ್ನದು ಎಂದು ಒಂದು ಮಾತು ಹೇಳಬಾರದಿತ್ತೇ, ಗುರುಗಳೇ?"

ಗುರುಗಳು ಅವನ ಮುಖ ನೋಡಿದರು. "ನನ್ನದು ಅಂದಿದ್ದರೆ, ಅದೂ ಮಾರಾಟದ ಸರಕಾಗುತ್ತಿತ್ತು."