ಆಡುದೋಣಿಯ ಹಿಂದೆ ಎಪ್ಪತ್ತು ಹಡಗು

“ಹಡಗೇ ಇಲ್ಲದ ರಾಜರಿಗೆ ಬಂದರು ಯಾಕೆ? ಕಾಲು ತೊಳೆಯಲಿಕ್ಕಾ?”

ಸಿರಿಯಾಳಪುರದ ಅರಮನೆಯಲ್ಲಿ ನಿಂತು ಹೀಗೆ ಕೇಳಿದವನು ದಳಪತಿ ರಣಬಲ್ಲಾಳ. ಪಕ್ಕದ ಮಹಾರ್ಣವ ದೇಶದ ನೌಕಾಪಡೆಗೆ ಅವನೇ ಮುಖ್ಯಸ್ಥ. ಅವನ ಬಳಿ ನಲವತ್ತು ಹಡಗುಗಳಿದ್ದವು. ಸಿರಿಯಾಳಪುರದ ರಾಜ ಉದಯಭಾನುವಿನ ಬಳಿ ಒಂದು ದೋಣಿ ಇತ್ತು. ಒಂದು ಎಂದರೆ ಒಂದೇ. ಅದು ಜನರನ್ನೂ ಆಡುಗಳನ್ನೂ ಹೊಳೆ ದಾಟಿಸುತ್ತಿತ್ತು.

“ನಾಡಿದ್ದು ಮೂರು ದೇಶಗಳ ಸ್ನೇಹ ಸಮರಾಭ್ಯಾಸ. ನೆನಪಿದೆಯಲ್ಲ?” ಎಂದ ರಣಬಲ್ಲಾಳ.

ಸ್ನೇಹ ಸಮರಾಭ್ಯಾಸ ಎಂದರೆ ಸ್ನೇಹಿತರೆಲ್ಲ ಒಟ್ಟಿಗೆ ಸೇರಿ ಜಗಳದ ಅಭ್ಯಾಸ ಮಾಡುವುದು.

“ಅಂದು ಪ್ರತಿ ದೇಶದ ಹಡಗೂ ಒಂದು ಗಳಿಗೆಯಾದರೂ ಉಳಿದ ಎರಡು ದೇಶಗಳ ಹಡಗುಗಳನ್ನು ಮುನ್ನಡೆಸಬೇಕು. ಆಗದಿದ್ದರೆ ನಿಮ್ಮ ಬಂದರು ನಮ್ಮದು. ತಾವೇ ಮುದ್ರೆ ಒತ್ತಿದ್ದೀರಿ.”

ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ರಾಜ ಮೆಲ್ಲಗೆ ಪಕ್ಕಕ್ಕೆ ಬಾಗಿದ. “ದೇಜಪ್ಪ, ಆ ಪತ್ರದಲ್ಲಿ ಹನ್ನೊಂದು ಸಲ ‘ಸ್ನೇಹ’ ಎಂದು ಬರೆದಿತ್ತಯ್ಯ. ನಾನು ಖುಷಿಯಿಂದ ಮುದ್ರೆ ಒತ್ತಿಬಿಟ್ಟೆ.”

“ಹನ್ನೆರಡನೆಯ ಸಾಲಿನಲ್ಲಿ ‘ಬಂದರು’ ಎಂದಿತ್ತು, ಮಹಾಸ್ವಾಮಿ,” ಎಂದ ದೇಜಪ್ಪ. ಅವನು ಆಸ್ಥಾನದ ಪತ್ರಗಳನ್ನು ಓದುವ ಕರಣಿಕ. ಆದರೆ ರಾಜ ಅವನಿಗೆ ಪತ್ರ ಕೊಡುತ್ತಿದ್ದುದು ಮುದ್ರೆ ಒತ್ತಿದ ಮೇಲೆ.

ಆ ಬಂದರು ಹೋದರೆ ಊರಿಗೆ ಉಳಿಯುವುದು ಬರೀ ಮರಳು. ಮೀನುಗಾರರು ಬಲೆ ಬೀಸಲೂ ರಣಬಲ್ಲಾಳನ ಅಪ್ಪಣೆ ಕೇಳಬೇಕಾಗುತ್ತಿತ್ತು.

ದೇಜಪ್ಪ ಕೈಮುಗಿದ. “ದಳಪತಿಗಳೇ, ನಮ್ಮ ಹಡಗು ಎಷ್ಟು ದೊಡ್ಡದಿರಬೇಕು?”

ರಣಬಲ್ಲಾಳ ಹೊಟ್ಟೆ ಹಿಡಿದು ನಕ್ಕ. “ನೀರಲ್ಲಿ ತೇಲಬೇಕು, ನಿಮ್ಮ ಬಾವುಟ ಇರಬೇಕು. ಮನೆ ಬಾಗಿಲು ಕಿತ್ತು ತಂದರೂ ಸರಿ!”

“ದೊಡ್ಡ ಮನಸ್ಸು. ಇದನ್ನೂ ಒಪ್ಪಂದದಲ್ಲಿ ಬರೆದುಕೊಳ್ಳುತ್ತೇನೆ. ಇನ್ನೊಂದು ಮಾತು, ಅಂದು ಮಧ್ಯಾಹ್ನ ಎಲ್ಲ ಹಡಗುಗಳೂ ನಮ್ಮ ಬಂದರಿಗೆ ಊಟಕ್ಕೆ ಬರಬೇಕು. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ.”

“ಬರುತ್ತೇವೆ. ಹೇಗೂ ನಮ್ಮದಾಗುವ ಬಂದರಲ್ಲಿ ಮೊದಲೇ ಊಟ ಮಾಡಿದರೇನಂತೆ!”

ಸಮರಾಭ್ಯಾಸದ ದಿನ ಬಂತು. ಬೆಳಿಗ್ಗೆಯೇ ಕಡಲಲ್ಲಿ ಎಪ್ಪತ್ತು ಹಡಗುಗಳು ನಿಂತವು. ನಲವತ್ತು ರಣಬಲ್ಲಾಳನವು, ಮೂವತ್ತು ಮಣಿದ್ವೀಪದವು. ಮಣಿದ್ವೀಪದ ಪಡೆಯ ನಾಯಕಿಯ ಹೆಸರು ಪದುಮಲೆ.

“ನಾನು ಮುಂದೆ!” ಎಂದ ರಣಬಲ್ಲಾಳ.

“ನಿನ್ನ ಹಿಂದೆ ಬರಲಿಕ್ಕೆ ನಾನೇನು ನಿನ್ನ ಮದುವೆ ದಿಬ್ಬಣವಾ?” ಎಂದಳು ಪದುಮಲೆ.

ದಡದಿಂದ ದೇಜಪ್ಪ ಕೂಗಿದ: “ವೃತ್ತಾಕಾರವಾಗಿ ಹೋಗಿ! ಆಗ ಇಬ್ಬರೂ ಮುಂದೆ, ಇಬ್ಬರೂ ಹಿಂದೆ!”

ಇಬ್ಬರಿಗೂ ಇದು ಬಹಳ ಗೌರವದ ಏರ್ಪಾಡಾಗಿ ಕಂಡಿತು. ಎಪ್ಪತ್ತು ಹಡಗುಗಳು ಗಾಣದೆತ್ತಿನ ಹಾಗೆ ಸುತ್ತತೊಡಗಿದವು. ಪ್ರತಿ ಸುತ್ತಿಗೂ ಇಬ್ಬರೂ “ನೋಡು, ನನ್ನ ಹಿಂದೆ ಬರುತ್ತಿದ್ದೀಯ!” ಎಂದು ಒಬ್ಬರಿಗೊಬ್ಬರು ಕೂಗಿದರು. ಮಧ್ಯಾಹ್ನದ ಹೊತ್ತಿಗೆ ನಾವಿಕರಿಗೆ ತಲೆ ಸುತ್ತಿತು, ಹೊಟ್ಟೆ ಹಸಿಯಿತು. ದಡದಿಂದ ಬಂಗುಡೆ ಸಾರಿನ ವಾಸನೆ ಬಂತು.

ಇಲ್ಲಿ ಅಳಿವೆಯ ವಿಷಯ ಹೇಳಬೇಕು. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಬಂದರು ಇರುವುದು ಅದರ ಒಳಗೆ. ಸಿರಿಯಾಳಪುರದ ಅಳಿವೆಯಲ್ಲಿ ಮರಳದಿಬ್ಬ ನಿಂತಲ್ಲಿ ನಿಲ್ಲುವುದಿಲ್ಲ. ನಿನ್ನೆ ಆಳ ಇದ್ದಲ್ಲಿ ಇಂದು ಮೊಣಕಾಲುದ್ದ ನೀರು. ಅದಕ್ಕೇ ಹೊರಗಿನ ಯಾವ ಹಡಗು ಬಂದರೂ ರಾಜನ ಆ ಒಂದೇ ದೋಣಿಯ ಹಿಂದೆಯೇ ಒಳಗೆ ಬರುವುದು ಅಲ್ಲಿನ ಕ್ರಮ. ಅದರ ಅಂಬಿಗ ದೂಮ ಬಿದಿರುಗೋಲು ಊರಿ ಆಳ ನೋಡುತ್ತಾನೆ, ಹಡಗು ಹಿಂಬಾಲಿಸುತ್ತದೆ. ಇದು ಎಲ್ಲ ನಾವಿಕರಿಗೂ ಗೊತ್ತು. ಎಷ್ಟು ಗೊತ್ತೆಂದರೆ, ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ಅಂದು ದೂಮನ ದೋಣಿಯಲ್ಲಿ ಎರಡು ಆಡುಗಳಿದ್ದವು. ಒಂದು ಕೋಲಿಗೆ ರಾಜರ ಬಾವುಟ ಕಟ್ಟಿತ್ತು.

“ಬೇಗ ನಡೆಯೋ!” ಎಂದು ಹಿಂದಿನಿಂದ ರಣಬಲ್ಲಾಳ ಕಿರುಚಿದ.

“ಬೇಗ ಹೋದರೆ ಆಡಿಗೆ ವಾಂತಿಯಾಗುತ್ತೆ, ಒಡೆಯರೇ,” ಎಂದ ದೂಮ.

ದೋಣಿ ಮೆಲ್ಲಗೆ ಹೋಯಿತು. ಎಪ್ಪತ್ತು ಹಡಗುಗಳು ಅದರ ಹಿಂದೆ ಸಾಲಾಗಿ, ಅದು ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ ತಿರುಗುತ್ತ ಬಂದವು.

ಊಟ ಮುಗಿಸಿ ಕೈ ತೊಳೆದ ರಣಬಲ್ಲಾಳ ಗುಡುಗಿದ: “ಇನ್ನು ಬಂದರಿನ ಬೀಗದಕೈ ಕೊಡಿ! ನಿಮ್ಮ ಹಡಗು ಸಮರಾಭ್ಯಾಸಕ್ಕೇ ಬರಲಿಲ್ಲ!”

ರಾಜ ದೇಜಪ್ಪನ ಕಡೆ ತಿರುಗಿದ.

“ದಳಪತಿಗಳೇ, ಅಳಿವೆಯಿಂದ ಒಳಗೆ ಬರುವಾಗ ನಿಮ್ಮ ಮುಂದೆ ಏನಿತ್ತು?” ಎಂದ ದೇಜಪ್ಪ.

“ಒಂದು ಆಡುದೋಣಿ!”

“ಅದರಲ್ಲಿ ಬಾವುಟ?”

“ಅದು ಬಾವುಟವಾ? ಯಾರೋ ಬಟ್ಟೆ ಒಣಹಾಕಿದ್ದಾರೆ ಎಂದುಕೊಂಡಿದ್ದೆ!”

“ನಾನೂ ಅದರ ಹಿಂದೆಯೇ ಬಂದೆ,” ಎಂದಳು ಪದುಮಲೆ, ಬಾಯಿ ಒರೆಸಿಕೊಳ್ಳುತ್ತ. “ಒಂದು ಗಳಿಗೆಯಲ್ಲ, ಎರಡು ಗಳಿಗೆ. ಆಡು ಉದ್ದಕ್ಕೂ ನನ್ನನ್ನೇ ನೋಡುತ್ತಿತ್ತು.”

“ಇದನ್ನು ನಾನು ಒಪ್ಪುವುದಿಲ್ಲ! ಆಡು ನನ್ನ ಪಡೆಯನ್ನು ಮುನ್ನಡೆಸಿತು ಎಂದು ಬರೆದುಕೊಡಲೇ?” ಎಂದ ರಣಬಲ್ಲಾಳ.

“ಒಪ್ಪದಿದ್ದರೆ ಬೇಡ ಸ್ವಾಮಿ,” ಎಂದ ದೇಜಪ್ಪ. “ಆ ದೋಣಿ ಲೆಕ್ಕಕ್ಕಿಲ್ಲ ಎನ್ನುವುದಾದರೆ, ಹೊರಗೆ ಹೋಗುವಾಗ ತಾವೇ ಮುಂದೆ ಹೋಗಿ. ನಾವು ದಡದಲ್ಲಿ ನಿಂತು ನೋಡುತ್ತೇವೆ.”

ರಣಬಲ್ಲಾಳ ಅಳಿವೆಯ ಕಡೆ ನೋಡಿದ. ನೀರು ಇಳಿಯುತ್ತಿತ್ತು. ಬೆಳಿಗ್ಗೆ ಇಲ್ಲದಿದ್ದ ಮರಳದಿಬ್ಬವೊಂದು ಬೆನ್ನು ತೋರಿಸುತ್ತಿತ್ತು. ಅವನು ಒಪ್ಪಂದದ ಪತ್ರ ತೆಗೆದು, ಸಿರಿಯಾಳಪುರದ ಹೆಸರಿನ ಮುಂದೆ ‘ಮುನ್ನಡೆಸಿತು’ ಎಂದು ಬರೆದು ಮುದ್ರೆ ಒತ್ತಿದ.

ರಾಜ ಬಿದ್ದು ಬಿದ್ದು ನಕ್ಕ. ಕೊರಳ ಹಾರ ತೆಗೆದು ದೇಜಪ್ಪನಿಗೆ ಹಾಕಿದ. “ಇನ್ನು ಮೇಲೆ ಪತ್ರವನ್ನು ಮೊದಲು ನೀನು ಓದು, ಆಮೇಲೆ ನಾನು ಮುದ್ರೆ ಒತ್ತುತ್ತೇನೆ!”

ರಣಬಲ್ಲಾಳ ದೇಜಪ್ಪನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ ಕೇಳಿದ.

“ಆ ನಿಮ್ಮ... ನೌಕಾಪಡೆ ಮತ್ತೆ ಎಷ್ಟು ಹೊತ್ತಿಗೆ ಹೊರಡುತ್ತದೆ?”

“ಆಡುಗಳು ಮೇದು ಬಂದ ಮೇಲೆ, ಸ್ವಾಮಿ.”