ಕಾಲಡಿಯ ಕಲ್ಲುಹೂವು

ಕಿರಿಯರಿಗೆ ಪಾಠ ಹೇಳುತ್ತಿದ್ದ ಶಿಷ್ಯೆಯೊಬ್ಬಳು ಗುರುವನ್ನು ಕೇಳಿದಳು: “ಕಲಿಸಬೇಕಾದುದನ್ನೆಲ್ಲ ಕಲಿಸಿದ್ದೇನೆ. ಆದರೂ ಮಕ್ಕಳನ್ನು ಅವರ ಪಾಡಿಗೆ ಬಿಡಲು ಎದೆ ಹೊಡೆದುಕೊಳ್ಳುತ್ತದೆ. ಈ ಭಯ ಯಾವಾಗ ಹೋಗುತ್ತದೆ, ಗುರುಗಳೇ?”

ಗುರು ಹೇಳಿದರು:

ಕಡಲ ಬಂಡೆಗಳಿಂದ ಚಿಪ್ಪು ಕಿತ್ತು ಮಾರಿ ಬದುಕುವ ಹೆಂಗಸೊಬ್ಬಳಿದ್ದಳು. ಮಂಡಿ ಹಿಡಿದುಕೊಂಡು ಬಂಡೆ ಇಳಿಯಲಾಗದೆ ಹೋದಾಗ ಆ ಕೆಲಸ ಸೊಸೆಯ ಪಾಲಿಗೆ ಬಂತು. ಚಿಪ್ಪು ಬಾರದ ದಿನ ಆ ಮನೆಯಲ್ಲಿ ಒಲೆ ಉರಿಯದು. ಸೊಸೆಯೋ ಬಯಲುಸೀಮೆಯವಳು, ಮದುವೆಯಾಗಿ ಬರುವವರೆಗೆ ಕಡಲನ್ನೇ ಕಂಡವಳಲ್ಲ.

ಬಂಡೆಯ ಮೇಲೆ ಹಕ್ಕಳೆಗಟ್ಟಿ ಬೆಳೆಯುವ ಕಲ್ಲುಹೂವುಗಳ ಗುರುತನ್ನು ಅತ್ತೆ ಅವಳಿಗೆ ಹೇಳಿಕೊಟ್ಟಳು. ಬೂದು ಬಣ್ಣದ್ದು ಇರುವಲ್ಲಿಗೆ ಗಾಳಿ ಮಾತ್ರ ಬರುತ್ತದೆ, ಬುಟ್ಟಿ ಇಡಬಹುದು. ಅದರ ಕೆಳಗೆ ಅರಿಸಿನ ಹಚ್ಚಿದಂತಿರುವುದು ಹನಿ ಸಿಡಿಯುವ ಜಾಗ. ಇನ್ನೂ ಕೆಳಗೆ ಕಾಡಿಗೆ ಬಳಿದಂಥ ಕಪ್ಪು. ಅಲ್ಲಿಯವರೆಗೆ ಅಲೆ ಏರುತ್ತದೆ. ಕಪ್ಪಿನ ಮೇಲೆ ಕಾಲಿಟ್ಟರೆ ಕಣ್ಣು ಕಡಲ ಮೇಲೇ ಇರಬೇಕು. ನೆನೆದಾಗ ಬೂದು ಹಸಿರಿಗೆ ತಿರುಗಿ ಮೋಸ ಮಾಡುತ್ತದೆಂದು ಬೊಗಸೆ ನೀರು ಚೆಲ್ಲಿಯೂ ತೋರಿಸಿದಳು. ಕೇಳಿದಾಗಲೆಲ್ಲ ಸೊಸೆ ಸರಿಯಾಗಿಯೇ ಹೇಳಿದಳು.

ಆದರೂ ಅವಳು ಒಬ್ಬಳೇ ಇಳಿದ ದಿನ, ಮೇಲೆ ನಿಂತ ಅತ್ತೆಗೆ ಜೀವ ಕೈಯಲ್ಲಿ ಹಿಡಿದಂತಾಗಿತ್ತು.

“ಕಾಲಡಿ ಯಾವುದಿದೆ?” ಎಂದು ಕೂಗಿದಳು.

“ಅರಿಸಿನದ್ದು, ಅತ್ತೆ.”

ನಾಲ್ಕು ಚಿಪ್ಪು ಕೀಳುವಷ್ಟರಲ್ಲಿ ಮತ್ತೆ ಕೂಗಿದಳು. “ಈಗ?”

“ಕಪ್ಪು, ಅತ್ತೆ. ನಿಮ್ಮ ಮಗ ನಡೆಯಲು ಕಲಿಯುವಾಗಲೂ ಹೀಗೇ ಕೂಗುತ್ತಿದ್ದಿರಾ?”

ಅತ್ತೆಗೆ ನಗು ಬರಲಿಲ್ಲ. “ಸರಿಯಾಗಿ ನೋಡಿ ಹೇಳು. ಕಪ್ಪೋ, ಬರಿಯ ಕಲ್ಲು ಒದ್ದೆಯಾಗಿದೆಯೋ?”

ಸೊಸೆ ಬಗ್ಗಿ ನೋಡಿದಳು. ಅತ್ತೆಯ ಕಣ್ಣೂ ಅವಳ ಕಾಲಿನ ಮೇಲೇ ಇತ್ತು. ಅಲೆ ಬಂದದ್ದನ್ನು ಇಬ್ಬರೂ ಕಾಣಲಿಲ್ಲ.

ಬೆರಳಿಗೆ ಬಿರುಕೊಂದು ಸಿಕ್ಕಿದ್ದರಿಂದ ಸೊಸೆ ಉಳಿದಳು. ಬುಟ್ಟಿ ಹೋಯಿತು. ಮೊಣಕೈ ಸುಲಿದುಕೊಂಡು ಮೇಲೆ ಬಂದವಳು ಅತ್ತೆಯ ಪಕ್ಕದಲ್ಲಿ ಕುಳಿತಳು. ಉಸಿರು ಹತೋಟಿಗೆ ಬಂದ ಮೇಲೆ, “ಕಪ್ಪೇ ಆಗಿತ್ತು, ಅತ್ತೆ,” ಎಂದಳು.

ಗುರು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಮರುದಿನದಿಂದ ಅತ್ತೆ ಮನೆಯಲ್ಲೇ ಉಳಿದಳೇ?” ಎಂದು ಶಿಷ್ಯೆ ಕೇಳಿದಳು.

“ಇಲ್ಲ, ಬಂದಳು, ಬಾಯಿಗೆ ಸೆರಗು ಒತ್ತಿಕೊಂಡು, ಕಡಲನ್ನು ನೋಡುತ್ತ ನಿಂತಳು.”